ಟರ್ಮಿನೇಟರ್ 2 ಗ್ರಾಫಿಕ್ಸ್ ಇನ್ನೂ ಯಾಕೆ ಹಳೆಯದಾಗಿಲ್ಲ?

ಓದುಗರ ಪ್ರಶ್ನೆ: "ಟರ್ಮಿನೇಟರ್ 2 ಬಂದಿದ್ದು 1991ರಲ್ಲಿ. ಆಗಿನ ಕಂಪ್ಯೂಟರಿಗಿಂತ ಈಗ ನಮ್ಮ ಕೈಯಲ್ಲಿರುವ ಫೋನೇ ಎಷ್ಟೋ ಪಾಲು ಜೋರು. ಆದರೂ ಆ ಪಾದರಸದ ಪೊಲೀಸ್ ಈಗಿನ ಎಷ್ಟೋ ಸಿನಿಮಾಗಳ ಗ್ರಾಫಿಕ್ಸಿಗಿಂತ ನಿಜ ಅನ್ನಿಸುತ್ತಾನೆ. ಅದು ಹೇಗೆ?"

ಒಂದೇ ಮಾತಲ್ಲಿ ಹೇಳಿ ಅಂದರೆ: ಆ ಸಿನಿಮಾದಲ್ಲಿ ಕಂಪ್ಯೂಟರ್ ಮಾಡಿದ ಕೆಲಸ ಬಹಳ ಕಡಿಮೆ. ಸಿನಿಮಾ 2 ಗಂಟೆ 17 ನಿಮಿಷ ಇದೆ. ಅದರಲ್ಲಿ ಕಂಪ್ಯೂಟರಿನಲ್ಲಿ ಹುಟ್ಟಿದ ಟಿ-1000, ಅಂದರೆ ನೀವು ಹೇಳಿದ ಪಾದರಸದ ಪೊಲೀಸ್, ತೆರೆಯ ಮೇಲೆ ಇರುವುದು ಸುಮಾರು 5 ನಿಮಿಷ ಅಷ್ಟೇ. ನಾವು ಗ್ರಾಫಿಕ್ಸ್ ಅಂದುಕೊಂಡು ಬಾಯಿ ಬಿಟ್ಟುಕೊಂಡು ನೋಡಿದ್ದರಲ್ಲಿ ದೊಡ್ಡ ಪಾಲು ರಬ್ಬರ್, ಸ್ಪ್ರಿಂಗ್, ಬೊಂಬೆ, ಅವಳಿಗಳು ಮತ್ತು ಒಬ್ಬ ನಟನ ಓಟ. ಕಂಪ್ಯೂಟರಿಗೆ ಏನು ಬರುತ್ತಿತ್ತೋ ಅಷ್ಟನ್ನೇ ಅದರಿಂದ ಮಾಡಿಸಿದರು. ಬರದೇ ಇದ್ದದ್ದನ್ನು ಕೇಳಲೇ ಇಲ್ಲ.

ಇಷ್ಟು ಹೇಳಿ ಸುಮ್ನೆ ಬಿಟ್ಟರೆ ನಿಮಗೂ ಸಮಾಧಾನ ಆಗಲ್ಲ, ನನಗಂತೂ ಆಗಲ್ಲ. ಈ ಸಿನಿಮಾ ಬಗ್ಗೆ ಮಾತಾಡಲು ಯಾರಾದರೂ ಕೇಳಿದರೆ ಸಾಕು ಅಂತ ಕಾಯುವ ಜಾತಿ ನಂದು. ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿ, ಮೊದಲು ನೋಡಿ ಬನ್ನಿ. ಮುಂದೆ ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ.

1984ರ ಮೊದಲ ಭಾಗದಲ್ಲಿ ಅರ್ನಾಲ್ಡ್ ಶ್ವಾರ್ಜಿನೆಗರ್ ಕೊಲೆಗಾರ ಯಂತ್ರ. ಭವಿಷ್ಯದಿಂದ ಬಂದು ಸಾರಾ ಕಾನರ್ ಎಂಬ ಹೆಣ್ಣುಮಗಳ ಬೆನ್ನು ಬೀಳುತ್ತಾನೆ. ಎರಡನೇ ಭಾಗದಲ್ಲಿ ಅದೇ ಮುಖದ ಯಂತ್ರ ಅವಳ ಮಗ ಜಾನ್‌ನನ್ನು ಕಾಪಾಡಲು ಬರುತ್ತದೆ. ಈ ಸಲ ಕೊಲ್ಲಲು ಬಂದವನು ಟಿ-1000. ಮೈಯೆಲ್ಲ ದ್ರವ ಲೋಹ, ಮುಟ್ಟಿದವರ ರೂಪ ತಾಳಬಲ್ಲವನು, ಹೆಚ್ಚಿನ ಹೊತ್ತು ಪೊಲೀಸ್ ಯೂನಿಫಾರ್ಮಿನಲ್ಲೇ ಓಡಾಡುವವನು. ಆ ಪಾತ್ರ ಮಾಡಿದ್ದು ರಾಬರ್ಟ್ ಪ್ಯಾಟ್ರಿಕ್.

ನಿರ್ದೇಶಕ ಜೇಮ್ಸ್ ಕ್ಯಾಮರೂನ್ ತಲೆಯಲ್ಲಿ ಈ ದ್ರವ ಲೋಹದ ಐಡಿಯಾ ಮೊದಲ ಭಾಗ ಬರೆಯುವಾಗಲೇ ಇತ್ತು. ಆಗ ಕೈಯಲ್ಲಿ ದುಡ್ಡೂ ಇರಲಿಲ್ಲ, ತಂತ್ರವೂ ಇರಲಿಲ್ಲ. ಪಕ್ಕಕ್ಕಿಟ್ಟರು. 1989ರಲ್ಲಿ 'ದಿ ಅಬಿಸ್' ತೆಗೆದಾಗ ಒಂದು ಪರೀಕ್ಷೆ ಮಾಡಿ ನೋಡಿದರು. ಸಮುದ್ರದ ನೀರೇ ಒಂದು ಸೊಂಡಿಲಿನಂತೆ ಎದ್ದು ಬಂದು ಪಾತ್ರಗಳ ಮುಖವನ್ನು ಅನುಕರಿಸುತ್ತದೆ. ಒಂದೂಕಾಲು ನಿಮಿಷದಷ್ಟು ಗ್ರಾಫಿಕ್ಸ್. ಆ ದೃಶ್ಯ ಕೈಕೊಟ್ಟರೆ ಕಿತ್ತು ಹಾಕಿದರೂ ಕಥೆಗೆ ಏನೂ ಆಗದಂತೆ ಬರೆದುಕೊಂಡಿದ್ದರು. ಕೈಕೊಡಲಿಲ್ಲ, ಆಸ್ಕರ್ ಬಂತು. ಅದನ್ನು ಮಾಡಿದ ಐಎಲ್‌ಎಂ ಕಂಪನಿಯ ಡೆನಿಸ್ ಮ್ಯೂರೆನ್ ತಂಡವೇ ಮುಂದೆ ಟಿ-1000ಕ್ಕೂ ಕೈ ಹಾಕಿತು. ಆದರೆ ಇಲ್ಲಿ ಕಿತ್ತು ಹಾಕುವ ಹಾಗಿರಲಿಲ್ಲ. ವಿಲನ್ನೇ ಅದು. ಸುಮಾರು 10 ಕೋಟಿ ಡಾಲರ್ ಸುರಿದಿದ್ದರು, ಅಲ್ಲಿವರೆಗೆ ಅಷ್ಟು ಖರ್ಚಿನ ಸಿನಿಮಾ ಬಂದಿರಲಿಲ್ಲ.

ಈಗ ಅಸಲು ವಿಷಯ. ಆಗಿನ ಕಂಪ್ಯೂಟರಿಗೆ ಚರ್ಮ ಬರುತ್ತಿರಲಿಲ್ಲ. ಕೂದಲು ಬರುತ್ತಿರಲಿಲ್ಲ. ಬಟ್ಟೆ ಮಡಚಿಕೊಳ್ಳುವುದು, ಸುಕ್ಕಾಗುವುದು ಯಾವುದೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಒಂದು ಚೆನ್ನಾಗಿ ಬರುತ್ತಿತ್ತು: ನುಣುಪಾದ, ಹೊಳೆಯುವ ಮೈ. ಫಳಫಳ ತೊಳೆದ ಸ್ಟೀಲ್ ಚೊಂಬನ್ನು ದಿಟ್ಟಿಸಿ ನೋಡಿ. ಅದಕ್ಕೆ ತನ್ನದು ಅಂತ ಬಣ್ಣವೇ ಇಲ್ಲ. ನಿಮಗೆ ಕಾಣುವುದು ಅಡುಗೆಮನೆಯ ಕಿಟಕಿ, ಟ್ಯೂಬ್‌ಲೈಟು, ಸೊಟ್ಟಗಾದ ನಿಮ್ಮ ಮುಖ. ಟಿ-1000 ಮೈಗೂ ಹಾಗೇ ಮಾಡಿದರು. ಶೂಟಿಂಗ್ ನಡೆದ ಜಾಗದ ಚಿತ್ರಗಳನ್ನೇ ತೆಗೆದು ಆ ಮೈಮೇಲೆ ಪ್ರತಿಬಿಂಬವಾಗಿ ಕೂರಿಸಿದರು. ಹಾಗಾಗಿ ಅವನು ಎಲ್ಲಿ ನಿಂತರೂ ಆ ಜಾಗದ ಬೆಳಕನ್ನೇ ಮೈಮೇಲೆ ಹೊದ್ದು ನಿಂತಂತೆ ಕಾಣುತ್ತಾನೆ. ಇವತ್ತಿನ ಎಷ್ಟೋ ಸಿನಿಮಾಗಳಲ್ಲಿ ರಾಕ್ಷಸನೋ ಮೃಗವೋ ಹಿನ್ನೆಲೆಗೆ ಅಂಟಿಸಿದ ಹಾಗೆ ಕಾಣುತ್ತದಲ್ಲ, ಆ ತೊಂದರೆ ಇಲ್ಲಿ ಅರ್ಧಕ್ಕರ್ಧ ಇಲ್ಲೇ ತಪ್ಪಿತು.

ಇನ್ನೊಂದು ಅನುಕೂಲವೂ ಆಯಿತು. ಮನುಷ್ಯರ ಮುಖವನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ. ಅದರಲ್ಲಿ ಒಂದು ಕೂದಲೆಳೆಯಷ್ಟು ತಪ್ಪಾದರೂ ನಮ್ಮ ಕಣ್ಣು ಹಿಡಿದುಬಿಡುತ್ತದೆ. ನಡೆದಾಡುವ ದ್ರವ ಲೋಹವನ್ನು ಯಾರು ನೋಡಿದ್ದಾರೆ? ಯಾರೂ ಇಲ್ಲ. ಅದು ಸ್ವಲ್ಪ ಜಾಸ್ತಿ ನುಣ್ಣಗಿದೆ, ಜೀವ ಇಲ್ಲದ ಹಾಗಿದೆ ಅಂತ ದೂರಿದರೆ, ಹೌದು, ಕಥೆಯಲ್ಲಿ ಅದು ಇರಬೇಕಾದ್ದೇ ಹಾಗೆ. ಆಗಿನ ಗ್ರಾಫಿಕ್ಸಿನ ಕೊರತೆಯೇ ಪಾತ್ರದ ಸ್ವಭಾವವಾಗಿ ಕೂತುಬಿಟ್ಟಿತು. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ಅತಿ ಜಾಣ ನಿರ್ಧಾರ ಇದು. ಅದನ್ನು ತೆಗೆದುಕೊಂಡಿದ್ದು ಕಂಪ್ಯೂಟರಿನ ಮುಂದೆ ಅಲ್ಲ, ಕಥೆ ಬರೆಯುವ ಮೇಜಿನ ಮೇಲೆ.

ಮುಂದಿನದು ಜಿಪುಣತನ. ಟಿ-1000 ಏನು ಅಂತ ಕ್ಯಾಮರೂನ್ ಒಂದೇ ಸಲ ತೋರಿಸುವುದಿಲ್ಲ. ಮೊದಲ ಅರ್ಧ ಗಂಟೆ ಅವನೊಬ್ಬ ಸಾಧಾರಣ ಪೊಲೀಸ್. ಜಾನ್ ಫೋಟೋ ಹಿಡಿದು ಊರೆಲ್ಲ ವಿಚಾರಿಸುತ್ತಾನೆ, ನಯವಾಗಿ ಮಾತಾಡುತ್ತಾನೆ. ಶಾಪಿಂಗ್ ಮಾಲ್ ಹಿಂದಿನ ಕಾರಿಡಾರಿನಲ್ಲಿ ಅರ್ನಾಲ್ಡ್ ಹೊಡೆದ ಗುಂಡು ತಾಗಿದಾಗ ರಕ್ತ ಬರಲ್ಲ, ಬೆಳ್ಳಿಯಂಥ ಕುಳಿಗಳು ಮೂಡಿ ಮುಚ್ಚಿಕೊಳ್ಳುತ್ತವೆ. ಅಷ್ಟೇ. ಆಮೇಲೆ ಲಾರಿ ಉರಿದು ಹೋದ ಬೆಂಕಿಯೊಳಗಿಂದ ಹೊಳೆಯುವ ಆಕಾರವೊಂದು ನಡೆದು ಬರುತ್ತದೆ, ಬರುತ್ತ ಬರುತ್ತ ಪೊಲೀಸ್ ಆಗುತ್ತದೆ. ಆಮೇಲೆ ಅಡುಗೆಮನೆಯಲ್ಲಿ ಫೋನಿನಲ್ಲಿ ಜಾನ್‌ನ ಸಾಕುತಾಯಿಯ ರೂಪದಲ್ಲಿ ಮಾತಾಡುತ್ತಿರುವ ಅವನ ಒಂದು ತೋಳು ಉದ್ದ ಕತ್ತಿಯಾಗಿ, ಹಾಲಿನ ಡಬ್ಬಿಯನ್ನು ಸೀಳಿಕೊಂಡು ಆಕೆಯ ಗಂಡನ ಬಾಯೊಳಗೆ ಹೋಗಿರುತ್ತದೆ. ಪ್ರತಿ ಸಲವೂ ಇನ್ನೊಂದು ಮೆಟ್ಟಿಲು ಮೇಲೆ. ಪ್ರತಿ ಸಲವೂ ಕೆಲವೇ ಸೆಕೆಂಡು. ಇನ್ನೂ ಸ್ವಲ್ಪ ನೋಡಬೇಕು ಅನ್ನಿಸುವಷ್ಟರಲ್ಲಿ ಕಟ್ ಆಗಿರುತ್ತದೆ. ತಪ್ಪು ಹುಡುಕಲು ಕಣ್ಣಿಗೆ ಪುರುಸೊತ್ತೇ ಸಿಗಲ್ಲ.

ಸಾರಾಳನ್ನು ಕೂಡಿ ಹಾಕಿದ್ದ ಮಾನಸಿಕ ಆಸ್ಪತ್ರೆಯಲ್ಲಿ ಅವನು ಸರಳುಗಳ ನಡುವೆ ತೂರಿಕೊಂಡು ಬರುವ ದೃಶ್ಯ ನಿಮಗೆ ನೆನಪಿದ್ದೇ ಇರುತ್ತದೆ. ಸಾರಾ, ಜಾನ್, ಅರ್ನಾಲ್ಡ್ ಒಂದು ಕಡೆ, ನಡುವೆ ಕಬ್ಬಿಣದ ಸರಳಿನ ಬಾಗಿಲು, ಆ ಕಡೆ ಇವನು. ನಿಲ್ಲುವುದೇ ಇಲ್ಲ. ಮುಖ ಸರಳಿಗೆ ಒತ್ತುತ್ತದೆ, ಸರಳು ಮುಖದೊಳಗೆ ಇಳಿಯುತ್ತದೆ, ಹಿಂದೆ ಮತ್ತೆ ಕೂಡಿಕೊಳ್ಳುತ್ತದೆ. ಇದಕ್ಕಾಗಿ ಐಎಲ್‌ಎಂನವರು ಹೊಸ ಸಾಫ್ಟ್‌ವೇರ್ ಬರೆದರು. ರಾಬರ್ಟ್ ಪ್ಯಾಟ್ರಿಕ್ ನಡೆದು ಬಂದ ಅಸಲಿ ಚಿತ್ರವನ್ನೇ ಕಂಪ್ಯೂಟರಿನ ಆಕಾರಕ್ಕೆ ಅಂಟಿಸಿ, ಆ ಆಕಾರ ಬಾಗಿದಂತೆ ಮುಖದ ಚಿತ್ರವೂ ಬಾಗುವಂತೆ ಮಾಡಿದರು. ಅಂದರೆ ನೀವು ನೋಡುತ್ತಿರುವ ಚರ್ಮ ಬರೆದ ಚರ್ಮ ಅಲ್ಲ, ಅವನದೇ.

ಆದರೆ ಆ ದೃಶ್ಯವನ್ನು ನಿಜ ಮಾಡಿದ್ದು ಸಾಫ್ಟ್‌ವೇರ್ ಅಲ್ಲ ಅಂತ ನಾನು ವಾದ ಮಾಡುತ್ತೇನೆ. ಇಡೀ ಮೈ ಸಲೀಸಾಗಿ ದಾಟಿದ ಮೇಲೆ ಅವನು ಮುಂದೆ ಹೋಗಲು ನೋಡುತ್ತಾನೆ, ಕೈ ಹಿಂದೆಯೇ ನಿಂತುಬಿಡುತ್ತದೆ. ಪಿಸ್ತೂಲು ಸರಳಿಗೆ ಅಡ್ಡ ಸಿಕ್ಕಿಕೊಂಡಿದೆ. ಟಣ್ ಅಂತ ಸದ್ದು. ಅವನು ಹಿಂದಿರುಗಿ ಅದನ್ನೊಮ್ಮೆ ನೋಡಿ, ಮಣಿಕಟ್ಟು ತಿರುಗಿಸಿ, ಪಿಸ್ತೂಲನ್ನು ಉದ್ದಕ್ಕೆ ಮಾಡಿ ಎಳೆದುಕೊಳ್ಳುತ್ತಾನೆ. ಮೈ ಕರಗುತ್ತದೆ, ಪಿಸ್ತೂಲು ಕರಗಲ್ಲ. ಅದು ಅಸಲಿ ಕಬ್ಬಿಣ, ಸರಳೂ ಅಸಲಿ ಕಬ್ಬಿಣ. ಆ ಒಂದು ಟಣ್ ಕೇಳಿದ ಕೂಡಲೇ ಹಿಂದಿನ ಸೆಕೆಂಡಿನಲ್ಲಿ ನೋಡಿದ ಅಸಾಧ್ಯವೂ ನಿಜವಾಗಿಬಿಡುತ್ತದೆ. ಈ ದೃಶ್ಯವನ್ನು ಹಿಂದೆ ಮುಂದೆ ಓಡಿಸಿಕೊಂಡು ನೋಡಿದಾಗಲೆಲ್ಲ ನಾನು ಕಾಯುವುದು ಮುಖಕ್ಕಲ್ಲ, ಆ ಪಿಸ್ತೂಲಿಗೆ.

ಇನ್ನು ಬೊಂಬೆ ಕೆಲಸ. ಗುಂಡು ತಾಗಿದಾಗ ಯೂನಿಫಾರ್ಮಿನ ಮೇಲೆ ಹೂವಿನಂತೆ ಅರಳುವ ಬೆಳ್ಳಿ ಕುಳಿಗಳು ಇವೆಯಲ್ಲ, ಬಹಳ ಜನ ಅವನ್ನು ಗ್ರಾಫಿಕ್ಸ್ ಅಂತಲೇ ತಿಳಿದಿದ್ದಾರೆ. ಅವು ಬೊಂಬೆ, ಮೇಕಪ್ ಕೆಲಸದ ಸ್ಟ್ಯಾನ್ ವಿನ್‌ಸ್ಟನ್ ವರ್ಕ್‌ಶಾಪಿನಲ್ಲಿ ತಯಾರಾದ ರಬ್ಬರ್ ಹೂಗಳು. ಮೇಲೆ ಕ್ರೋಮಿನ ಲೇಪ. ಮಡಚಿ ಶರ್ಟಿನ ಒಳಗೆ ಇಟ್ಟಿರುತ್ತಾರೆ, ಶರ್ಟನ್ನು ಮೊದಲೇ ಅಲ್ಲಲ್ಲಿ ಸಡಿಲವಾಗಿ ಕುಯ್ದಿರುತ್ತಾರೆ. ರಿಮೋಟ್ ಒತ್ತಿದರೆ ಸ್ಪ್ರಿಂಗ್ ಬಿಟ್ಟು ಹೂವು ಟಪ್ ಅಂತ ಹೊರಗೆ ಅರಳುತ್ತದೆ. ನಟನ ಎದೆ ಮೇಲೆ, ಕ್ಯಾಮೆರಾ ಎದುರಿಗೆ, ಆ ಕ್ಷಣಕ್ಕೆ. ಆ ಕುಳಿ ಮತ್ತೆ ಮುಚ್ಚಿಕೊಳ್ಳುವಾಗ ಮಾತ್ರ ಕಂಪ್ಯೂಟರ್ ಬರುತ್ತದೆ. ಆಸ್ಪತ್ರೆಯಲ್ಲಿ ಗುಂಡೇಟಿಗೆ ತಲೆ ಎರಡು ಹೋಳಾಗುವುದೂ ಹಾಗೇ: ಹೋಳಾದ ತಲೆ ಬೊಂಬೆ, ಹೋಳು ಕೂಡಿಕೊಳ್ಳುವುದು ಗ್ರಾಫಿಕ್ಸ್. ನಟ, ಬೊಂಬೆ, ಕಂಪ್ಯೂಟರ್ ಮೂವರೂ ಒಬ್ಬರ ಕೈಯಿಂದ ಒಬ್ಬರು ಕೆಲಸ ಇಸಿದುಕೊಳ್ಳುತ್ತಾರೆ. ಒಂದು ತಂತ್ರದ ಗುಟ್ಟು ನಮಗೆ ಹೊಳೆಯುವಷ್ಟರಲ್ಲಿ ಇನ್ನೊಂದಕ್ಕೆ ದಾಟಿರುತ್ತಾರೆ.

ಅವಳಿಗಳ ವಿಷಯ ಹೇಳದಿದ್ದರೆ ಆಗಲ್ಲ. ಆಸ್ಪತ್ರೆಯ ಕಾವಲುಗಾರ ಯಂತ್ರದಿಂದ ಕಾಫಿ ಹಿಡಿಯುತ್ತಾನೆ. ಕಪ್ಪಿನ ಮೇಲೆ ಇಸ್ಪೀಟಿನ ಎಲೆಗಳ ಚಿತ್ರ, ಒಳ್ಳೆ ಆಟ ಬಿದ್ದಿದೆ ಅಂತ ಖುಷಿ ಅವನಿಗೆ. ಹಿಂದೆ ಕಪ್ಪು ಬಿಳುಪು ಚೌಕದ ನೆಲ ಮೇಲೆದ್ದು ಮನುಷ್ಯನಾಗುತ್ತದೆ. ಅವನು ತಿರುಗಿದರೆ ಎದುರಿಗೆ ಅವನೇ. ದ್ವಿಪಾತ್ರದ ಸಿನಿಮಾ ನೋಡಿ ಬೆಳೆದ ನಾವು ತಕ್ಷಣ ಫ್ರೇಮಿನ ನಡುವೆ ಗೆರೆ ಹುಡುಕುತ್ತೇವೆ. ಗೆರೆ ಇಲ್ಲ, ಯಾಕೆಂದರೆ ತಂತ್ರವೇ ಇಲ್ಲ. ಡಾನ್ ಮತ್ತು ಡ್ಯಾನ್ ಸ್ಟ್ಯಾಂಟನ್ ಎಂಬ ಅವಳಿ ನಟರನ್ನು ಎದುರು ಬದುರು ನಿಲ್ಲಿಸಿದ್ದಾರೆ. ಕೊನೆಗೆ ಉಕ್ಕಿನ ಕಾರ್ಖಾನೆಯಲ್ಲಿ ಎರಡು ಸಾರಾ ಕಾಣಿಸುತ್ತಾರಲ್ಲ, ಅಲ್ಲೂ ಅದೇ. ಸಾರಾ ಪಾತ್ರದ ಲಿಂಡಾ ಹ್ಯಾಮಿಲ್ಟನ್ ಅವರಿಗೆ ಲೆಸ್ಲಿ ಎಂಬ ಅವಳಿ ಸೋದರಿ ಇದ್ದರು. ಅವರನ್ನೇ ಕರೆಸಿದರು.

ರಾಬರ್ಟ್ ಪ್ಯಾಟ್ರಿಕ್ ಬಗ್ಗೆ ಜನ ಮಾತಾಡುವುದು ಕಡಿಮೆ. ನನಗೆ ಈ ಸಿನಿಮಾದ ದೊಡ್ಡ ಸ್ಪೆಷಲ್ ಎಫೆಕ್ಟ್ ಅವರೇ. ಬಾಯಿ ಮುಚ್ಚಿ, ಮೂಗಿನಲ್ಲಷ್ಟೇ ಉಸಿರಾಡುತ್ತ ಜೋರಾಗಿ ಓಡುವುದನ್ನು ಅಭ್ಯಾಸ ಮಾಡಿಕೊಂಡರು. ಗುಂಡು ಹಾರಿಸುವಾಗ ಕಣ್ಣು ಮಿಟುಕಿಸದೇ ಇರುವುದನ್ನೂ ಕಲಿತರು. ಬೈಕಿನ ಹಿಂದೆ ಓಡುವ ದೃಶ್ಯವನ್ನು ಗಮನಿಸಿ. ಅಂಗೈ ಬಿಚ್ಚಿ ನೆಟ್ಟಗೆ, ತಲೆ ಅಲುಗುವುದೇ ಇಲ್ಲ, ಎದೆ ಏರಿಳಿಯುವುದಿಲ್ಲ, ಮುಖದಲ್ಲಿ ಸಿಟ್ಟೂ ಇಲ್ಲ. ಅಲ್ಲಿ ಒಂದೇ ಒಂದು ಫ್ರೇಮ್ ಗ್ರಾಫಿಕ್ಸ್ ಇಲ್ಲ, ಆದರೂ ಇದು ಮನುಷ್ಯ ಅಲ್ಲ ಅಂತ ನಮಗೆ ಗೊತ್ತಾಗುತ್ತದೆ. ಲೋಹದ ಆಕೃತಿಗೂ ಅವರದೇ ನಡಿಗೆ. ಅವರ ಮೈಮೇಲೆ ಚೌಕುಳಿ ಗೆರೆ ಎಳೆದು, ನಡೆಸಿ, ಓಡಿಸಿ, ಚಿತ್ರೀಕರಿಸಿ, ಅದನ್ನು ನೋಡಿಕೊಂಡು ಕಂಪ್ಯೂಟರಿನ ಆಕೃತಿಯನ್ನು ನಡೆಸಿದರು. ನಟ ಈ ಕೆಲಸ ಮೊದಲೇ ಮಾಡಿಟ್ಟಿದ್ದರಿಂದ ಕಂಪ್ಯೂಟರ್ ಬಂದಾಗ ನಾವು ನಂಬಲು ತಯಾರಾಗಿಯೇ ಕೂತಿರುತ್ತೇವೆ.

ಸದ್ದಿನದು ತಮಾಷೆಯ ಕಥೆ. ಶಬ್ದ ವಿನ್ಯಾಸ ಮಾಡಿದವರು ಗ್ಯಾರಿ ರಿಡ್‌ಸ್ಟ್ರಾಮ್. ಟಿ-1000 ಸರಳು ದಾಟುವಾಗ ಕೇಳುವ ಆ ಲೊಳಲೊಳ ಸದ್ದು ಡಬ್ಬಿಯಿಂದ ನಿಧಾನಕ್ಕೆ ಜಾರಿ ಹೊರಗೆ ಬೀಳುವ ನಾಯಿ ಆಹಾರದ್ದು! ಗುಂಡು ಮೈಗೆ ತಾಗುವ ಸದ್ದಿಗೆ ಗಾಜಿನ ಲೋಟವನ್ನು ಬೋರಲು ಹಾಕಿ ಗಟ್ಟಿ ಮೊಸರಿಗೆ ಬಡಿದರು. ಕೋಟಿಗಟ್ಟಲೆ ಖರ್ಚಿನ ಸಿನಿಮಾದ ಕೊಲೆಗಾರನಿಗೆ ದನಿ ಕೊಟ್ಟಿದ್ದು ಮೊಸರು. ಗ್ರಾಫಿಕ್ಸಿಗೆ ತೂಕ ಇರಲ್ಲ, ತೂಕ ಬರುವುದು ಕಿವಿಯಿಂದ. ನಂಬಿಕೆ ಇಲ್ಲದಿದ್ದರೆ ಸರಳಿನ ದೃಶ್ಯವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ. ಆ ವರ್ಷ ಈ ಸಿನಿಮಾಕ್ಕೆ ನಾಲ್ಕು ಆಸ್ಕರ್ ಬಂದವು. ಒಂದು ವಿಷುಯಲ್ ಎಫೆಕ್ಟ್ಸ್, ಒಂದು ಮೇಕಪ್. ಉಳಿದ ಎರಡೂ ಶಬ್ದಕ್ಕೇ.

ಇಷ್ಟೆಲ್ಲದರ ಸುತ್ತ ಇರುವ ಪ್ರಪಂಚ ಅಸಲಿ. ಹೆಲಿಕಾಪ್ಟರ್ ಹೆದ್ದಾರಿಯ ಸೇತುವೆ ಕೆಳಗೆ ತೂರಿ ಹೋಗುತ್ತದಲ್ಲ, ಅದು ನಿಜವಾಗಿ ತೂರಿ ಹೋಗಿದ್ದು. ಪೈಲಟ್ ಚಕ್ ಟ್ಯಾಂಬುರೊ. ಅಪಾಯ ಅಂತ ಕ್ಯಾಮೆರಾ ತಂಡ ಹಿಂದೆ ಸರಿದಾಗ ಕ್ಯಾಮರೂನ್ ತಾವೇ ಕ್ಯಾಮೆರಾ ಹಿಡಿದರು. ಲಾಸ್ ಏಂಜಲೀಸಿನ ಕಾಂಕ್ರೀಟ್ ರಾಜಕಾಲುವೆಗೆ ದುಮುಕಿ ಗೋಡೆಗೆ ಉಜ್ಜಿಕೊಂಡು ಬರುವ ಆ ದೈತ್ಯ ಲಾರಿಯೂ ನಿಜವಾದದ್ದೇ. ಅದೇ ಕಾಲುವೆಗೆ ಹಾರ್ಲೆ ಬೈಕ್ ಹಾರುವಾಗ ಮಾತ್ರ ಒಂದು ಮೋಸ ಇದೆ. ಬೈಕನ್ನೂ ಸವಾರನನ್ನೂ ತಂತಿಗಳಿಂದ ತೂಗುಹಾಕಿದ್ದರು, ಆಮೇಲೆ ತಂತಿಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ಇರುವುದನ್ನು ಅಳಿಸಲು ಕಂಪ್ಯೂಟರ್! ನೀವು ಗುರುತಿಸದೇ ಹೋದ ಗ್ರಾಫಿಕ್ಸ್ ಅಂದರೆ ಇದು.

ಸಾರಾ ಕನಸಿನಲ್ಲಿ ಊರು ಅಣುಬಾಂಬಿಗೆ ಬೂದಿಯಾಗುವ ದೃಶ್ಯ ಕೂಡ ಬಹುಪಾಲು ಕಂಪ್ಯೂಟರಿನದಲ್ಲ. ಪುಟಾಣಿ ಕಟ್ಟಡ, ಪುಟಾಣಿ ಕಾರು, ಮರಗಳನ್ನು ಮಾಡಿ, ಜೋರು ಗಾಳಿಯ ತುಪಾಕಿಯಿಂದ ಊದಿ ಪುಡಿ ಮಾಡಿದ್ದು. ಮಕ್ಕಳಾಟದ ಪಾರ್ಕಿನ ಬೇಲಿ ಹಿಡಿದು ಸಾರಾ ಕಿರುಚುವುದನ್ನು ನಾನು ಈಗಲೂ ಪೂರ್ತಿ ನೋಡಲಾರೆ.

ಹಾಗಂತ ಏನೂ ಹಳೆಯದಾಗಿಲ್ಲ ಅಂತ ನಾನು ಹೇಳಲ್ಲ. ಆಗಿದೆ. ಕೊನೆಯಲ್ಲಿ ಕುದಿಯುವ ಉಕ್ಕಿಗೆ ಬಿದ್ದ ಟಿ-1000 ತಾನು ತಾಳಿದ ರೂಪಗಳನ್ನೆಲ್ಲ ಒಂದರ ಮೇಲೊಂದು ತಾಳುತ್ತ ಒದ್ದಾಡುತ್ತದೆ. ಅದನ್ನು ಸ್ವಲ್ಪ ಜಾಸ್ತಿ ಹೊತ್ತು ತೋರಿಸಿದ್ದಾರೆ, ಅಲ್ಲಿ ಕಂಪ್ಯೂಟರಿನ ವಾಸನೆ ಬರುತ್ತದೆ. ಅದಕ್ಕೂ ಮುಂಚೆ ಗ್ರೆನೇಡ್ ಸಿಡಿದು ಮೈಯೆಲ್ಲ ಬಿಚ್ಚಿಕೊಂಡು ತೂರಾಡುವ ಆಕೃತಿ ಬೊಂಬೆ ಅಂತ ಈಗ ಗೊತ್ತಾಗಿಬಿಡುತ್ತದೆ. ಬೈಕ್ ಸ್ಟಂಟಿನಲ್ಲಿ ಅರ್ನಾಲ್ಡ್ ಡ್ಯೂಪ್‌ನ ಮುಖ ಕಾಣುತ್ತದೆ. ಲಾರಿ ಕಾಲುವೆಗೆ ಬಿದ್ದ ಏಟಿಗೆ ಮುಂದಿನ ಗಾಜುಗಳು ಕಳಚಿ ಬೀಳುತ್ತವೆ, ಮುಂದಿನ ಶಾಟಿನಲ್ಲಿ ಗಾಜು ಭದ್ರವಾಗಿ ಕೂತಿರುತ್ತದೆ. ಅಭಿಮಾನಿಗಳಿಗೆ ಇದೆಲ್ಲ ಹಬ್ಬ. ನೋಡಿದಿರಾ, ಇವುಗಳಲ್ಲಿ ಜಾಸ್ತಿ ಗ್ರಾಫಿಕ್ಸಿನ ತಪ್ಪುಗಳೇ ಅಲ್ಲ. 1984ರ ಮೊದಲ ಭಾಗದ ಕೊನೆಯಲ್ಲಿ ಅಸ್ಥಿಪಂಜರದ ಯಂತ್ರ ಕುಂಟುತ್ತ ಬರುವ ಸ್ಟಾಪ್ ಮೋಷನ್ ಶಾಟುಗಳು ಮಾತ್ರ ಈಗ ನಿಜಕ್ಕೂ ಹಳತಾಗಿವೆ. ಬೊಂಬೆಯನ್ನು ಒಂದೊಂದು ಫ್ರೇಮಿಗೆ ಸ್ವಲ್ಪ ಸ್ವಲ್ಪ ಸರಿಸಿ ತೆಗೆದದ್ದು, ಹಾಗಾಗಿ ಜರ್ಕ್ ಹೊಡೆಯುತ್ತದೆ. ದುಡ್ಡಿಲ್ಲದ ಕಡೆ ಅಷ್ಟು ಮಾಡಿದ್ದಕ್ಕೇ ನನ್ನದೊಂದು ಸಲಾಂ.

ಹಾಗಾದರೆ ಈಗಿನವರಿಗೆ ಯಾಕೆ ಆಗುತ್ತಿಲ್ಲ? ಈಗಿನ ಕಲಾವಿದರಿಗೆ ಕೆಲಸ ಬರಲ್ಲ ಅನ್ನುವುದು ಸುಳ್ಳು. ಈಗಿನ ಒಳ್ಳೆಯ ಗ್ರಾಫಿಕ್ಸ್ ನಮ್ಮ ಗಮನಕ್ಕೇ ಬರದಷ್ಟು ಚೆನ್ನಾಗಿರುತ್ತದೆ, ಕೆಟ್ಟದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ತೊಂದರೆ ಇರುವುದು ಲೆಕ್ಕದಲ್ಲಿ. ಟರ್ಮಿನೇಟರ್ 2ರಲ್ಲಿ ಕಂಪ್ಯೂಟರ್ ಶಾಟುಗಳು ನಲವತ್ತರ ಆಸುಪಾಸು. ಅಷ್ಟಕ್ಕೇ ದೊಡ್ಡ ತಂಡ ತಿಂಗಳುಗಟ್ಟಲೆ ಕೂತಿತ್ತು. ಈಗಿನ ದೊಡ್ಡ ಸಿನಿಮಾಗಳಲ್ಲಿ ಅಂಥವು ಸಾವಿರದ ಲೆಕ್ಕದಲ್ಲಿ ಇರುತ್ತವೆ, ಬಿಡುಗಡೆ ದಿನ ತಲೆ ಮೇಲೆ ಕೂತಿರುತ್ತದೆ. ಆಮೇಲೆ ಸರಿ ಮಾಡಿದರಾಯಿತು ಅನ್ನುವ ಧೈರ್ಯದಲ್ಲಿ ಸೆಟ್ಟಿನಲ್ಲಿ ಏನನ್ನೂ ತೀರ್ಮಾನ ಮಾಡಿರಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದನ್ನೂ.

ಪರೀಕ್ಷೆ ಬೇಕಾದರೆ ಇದೇ ಸರಣಿಯಲ್ಲಿ ಸಿಗುತ್ತದೆ. 2015ರ 'ಟರ್ಮಿನೇಟರ್ ಜೆನಿಸಿಸ್'ನಲ್ಲಿ ಟಿ-1000 ಮತ್ತೆ ಬಂದ, ಈ ಸಲ ಕೊರಿಯಾದ ನಟ ಲೀ ಬ್ಯುಂಗ್-ಹುನ್. ನಟ ಒಳ್ಳೆಯವರು, ತಂತ್ರ ಇಪ್ಪತ್ತನಾಲ್ಕು ವರ್ಷ ಮುಂದೆ ಹೋಗಿದೆ, ಲೋಹ ಇನ್ನೂ ಚೆನ್ನಾಗಿ ಹರಿಯುತ್ತದೆ. ಆದರೆ ಅವನು ಬಂದ ಕೂಡಲೇ ಎಲ್ಲವನ್ನೂ ತೋರಿಸಿಬಿಡುತ್ತಾನೆ. ನನಗೆ ಹೆದರಿಕೆಯೇ ಆಗಲಿಲ್ಲ. ಜಾನ್‌ನ ಸಾಕುತಾಯಿ ಫೋನಿನಲ್ಲಿ ಪ್ರೀತಿಯಿಂದ ಮಾತಾಡಿದಾಗ ಆದಷ್ಟು ಖಂಡಿತಾ ಇಲ್ಲ.

ಈಗ ಮತ್ತೆ ನೋಡುವವರಿಗೆ ಒಂದು ಸಲಹೆ. ಮೊದಲ ಸಲವಾದರೆ ಥಿಯೇಟರಿನಲ್ಲಿ ಬಂದ ಆವೃತ್ತಿಯನ್ನೇ ನೋಡಿ, ಅದರ ಓಟ ಬಿಗಿಯಾಗಿದೆ. ಈಗಾಗಲೇ ನೋಡಿದ್ದರೆ ಆಮೇಲೆ ಬಂದ ಸ್ಪೆಷಲ್ ಎಡಿಷನ್ ಹುಡುಕಿ. ಸುಮಾರು ಕಾಲು ಗಂಟೆ ಜಾಸ್ತಿ ಇದೆ. ಅದರಲ್ಲಿ ಅರ್ನಾಲ್ಡ್ ತಲೆಯಿಂದ ಚಿಪ್ ತೆಗೆಯುವ ದೃಶ್ಯ ಇದೆ. ಕನ್ನಡಿ ಮುಂದೆ ಅರ್ನಾಲ್ಡ್ ಕೂತಿದ್ದಾನೆ, ಸಾರಾ ಹಿಂದೆ ನಿಂತು ತಲೆ ಬಿಚ್ಚುತ್ತಿದ್ದಾಳೆ, ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿದೆ, ಕ್ಯಾಮೆರಾ ನಿಧಾನಕ್ಕೆ ಹತ್ತಿರ ಹೋಗುತ್ತದೆ. ಕ್ಯಾಮೆರಾ ಕನ್ನಡಿಯಲ್ಲಿ ಯಾಕೆ ಕಾಣುತ್ತಿಲ್ಲ ಅಂತ ಯೋಚಿಸಿ. ಅಲ್ಲಿ ಕನ್ನಡಿಯೇ ಇಲ್ಲ, ಗೋಡೆಯಲ್ಲಿ ಒಂದು ಕಿಂಡಿ ಇದೆ. ಈ ಕಡೆ ಬೆನ್ನು ಹಾಕಿ ಕೂತಿರುವುದು ಅರ್ನಾಲ್ಡ್ ಬೊಂಬೆ, ಅದರ ತಲೆ ಬಿಚ್ಚುತ್ತಿರುವವರು ಲೆಸ್ಲಿ. ಕಿಂಡಿಯ ಆ ಕಡೆ ಅಸಲಿ ಅರ್ನಾಲ್ಡ್, ಹಿಂದೆ ಲಿಂಡಾ. ಅಕ್ಕತಂಗಿಯರಿಬ್ಬರೂ ಒಬ್ಬರ ಕೈ ನೋಡಿಕೊಂಡು ಒಬ್ಬರು ಕೈ ಆಡಿಸುತ್ತಿದ್ದಾರೆ. ಲೆಸ್ಲಿ ಅವರ ಕೈಯನ್ನಷ್ಟೇ ನೋಡುತ್ತ ಒಂದು ಸಲ, ಲಿಂಡಾ ಅವರದನ್ನು ನೋಡುತ್ತ ಇನ್ನೊಂದು ಸಲ ನೋಡಿ. ಇಬ್ಬರ ನಡುವೆ ವ್ಯತ್ಯಾಸ ನಿಮಗೆ ಸಿಕ್ಕರೆ ನನಗೂ ಬರೆದು ತಿಳಿಸಿ.